ಇಪ್ಪತ್ತಮೂರು ಮಕ್ಕಳ ಒಂದೇ ಸ್ವಂತ ಅಭಿಪ್ರಾಯ

ಝೆನೋವಿಯಾ ಹುರ್ಮುಜ್ ಒಳ್ಳೆಯ ಟೀಚರೋ ಕೆಟ್ಟ ಟೀಚರೋ ಎಂದು ನನ್ನನ್ನು ಕೇಳಬೇಡಿ. ನಾನು ಭೂಗೋಳದ ಮೇಷ್ಟ್ರು. ನದಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಮುದ್ರ ಸೇರುತ್ತದೆ ಎಂದು ಹೇಳುವುದು ನನ್ನ ಕೆಲಸ. ನದಿಯ ಬಗ್ಗೆ ನಿನಗೇನು ಅನಿಸುತ್ತದೆ ಎಂದು ನಾನು ಯಾವ ಹುಡುಗನನ್ನೂ ಕೇಳಿದವನಲ್ಲ. ಆದರೆ ಇಪ್ಪತ್ತು ವರ್ಷ ಆಕೆಯ ಪಕ್ಕದ ಕೋಣೆಯಲ್ಲಿ ಪಾಠ ಮಾಡಿದ್ದೇನೆ. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಆಕೆ ಇಂಗ್ಲಿಷ್ ಸಾಹಿತ್ಯವನ್ನು ಹೇಗೆ ಕಲಿಸುತ್ತಿದ್ದಳು ಎಂಬುದು ನನಗೆ ಗೊತ್ತಿದ್ದಷ್ಟು ಆಕೆಯ ಇನ್ಸ್‌ಪೆಕ್ಟರುಗಳಿಗೂ ಗೊತ್ತಿರಲಿಲ್ಲ.

ಆಕೆ ಹೇಳಿ ಬರೆಸುತ್ತಿದ್ದಳು. ಅಷ್ಟೇ. ನಮ್ಮ ರೊಮೇನಿಯಾದಲ್ಲಿ ಇದೇನೂ ಹೊಸದಲ್ಲ. ಪದ್ಯಕ್ಕೊಂದು ವ್ಯಾಖ್ಯಾನ, ವ್ಯಾಖ್ಯಾನಕ್ಕೊಂದು ನೋಟ್‌ಬುಕ್ಕು. ಮಕ್ಕಳು ಅದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಕಕ್ಕುತ್ತಾರೆ, ಹತ್ತಕ್ಕೆ ಒಂಬತ್ತೋ ಹತ್ತೋ ಬರುತ್ತದೆ, ತಾಯಂದಿರು ಟೀಚರಿಗೆ ಹೂವು ತಂದುಕೊಡುತ್ತಾರೆ. ಅಣ್ಣನ ನೋಟ್‌ಬುಕ್ಕು ತಂಗಿಗೆ, ತಂಗಿಯದು ಪಕ್ಕದ ಮನೆಯವರಿಗೆ. ನಮ್ಮ ಸ್ತುಪಿನಾ ಊರಿನಲ್ಲಿ ಮಗುವಿನ ತೊಟ್ಟಿಲಾದರೂ ಬಿಸಾಕುತ್ತಿದ್ದರು, ಝೆನೋವಿಯಾಳ ನೋಟ್‌ಬುಕ್ಕು ಬಿಸಾಕುತ್ತಿರಲಿಲ್ಲ.

ಪಠ್ಯಪುಸ್ತಕದಲ್ಲಿದ್ದದ್ದು ಒಂದೇ ದೊಡ್ಡ ಇಂಗ್ಲಿಷ್ ಪದ್ಯ. ಹದಿನಾರು ಸಾಲು. ಒಬ್ಬ ಹೆಂಗಸು ಸಂಜೆ ತೋಟದ ಗೇಟಿಗೆ ಅಗುಳಿ ಹಾಕದೆ ಬಿಡುತ್ತಾಳೆ. ಸಮುದ್ರಕ್ಕೆ ಹೋದವನು ಬರಬೇಕು. ಬರುತ್ತಾನೋ ಇಲ್ಲವೋ, ಪದ್ಯ ಹೇಳುವುದಿಲ್ಲ. ಇಷ್ಟಕ್ಕೆ ಝೆನೋವಿಯಾ ಹನ್ನೊಂದು ಪುಟ ವ್ಯಾಖ್ಯಾನ ಬರೆದಿದ್ದಳು. ಒಂದರಿಂದ ಹತ್ತನೆಯ ಪುಟದವರೆಗೆ ಪ್ರಾಸ, ಲಯ, ಸಂಕೇತ, ಕವಿಯ ಕಾಲ. ಹನ್ನೊಂದನೆಯ ಪುಟದ ತಲೆಬರಹ 'ನನ್ನ ಸ್ವಂತ ಅಭಿಪ್ರಾಯ'. ಪ್ರಶ್ನೆಪತ್ರಿಕೆಯಲ್ಲಿ ಆ ಪ್ರಶ್ನೆಯೂ ಇರುತ್ತಿತ್ತಾದ್ದರಿಂದ ಅದನ್ನೂ ಹೇಳಿ ಬರೆಸುತ್ತಿದ್ದಳು. ಮಕ್ಕಳ ಸ್ವಂತ ಅಭಿಪ್ರಾಯವನ್ನು ಮಕ್ಕಳ ಕೈಗೆ ಬಿಟ್ಟು ಹಾಳು ಮಾಡುವಷ್ಟು ಬೇಜವಾಬ್ದಾರಿ ಹೆಂಗಸಲ್ಲ ಆಕೆ.

ಚುಕ್ಕೆ, ಅಲ್ಪವಿರಾಮಗಳನ್ನೂ ಬಾಯಲ್ಲೇ ಹೇಳುತ್ತಿದ್ದಳು. ನಮ್ಮ ಕಸಾಯಿ ಅಂಗಡಿಯ ಗ್ಲಿಗೋರ್ ಆಕೆಯ ಮೊದಲ ಬ್ಯಾಚಿನವನು. ಪ್ಲಮ್ ಸಾರಾಯಿ ಎರಡು ಲೋಟ ಒಳಗೆ ಹೋದರೆ ಸಾಕು, ಮಾಂಸ ಕಡಿಯುವ ದಿಮ್ಮಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಶುರು ಮಾಡುತ್ತಿದ್ದ: "ಕವಿಯು ಗೇಟಿನ ಸಂಕೇತದ ಮೂಲಕ ಅಲ್ಪವಿರಾಮ ಮಾನವ ಹೃದಯದ ಅಲ್ಪವಿರಾಮ..." ಇಂಗ್ಲಿಷರು ಯಾರಾದರೂ ನಮ್ಮೂರಿಗೆ ಬಂದಿದ್ದರೆ ಅವನ ಹತ್ತಿರ ಅರ್ಧ ಕಿಲೋ ಹಂದಿಮಾಂಸ ಕೇಳಲು ಅವರಿಗೂ ಆಗುತ್ತಿರಲಿಲ್ಲ, ಕೊಡಲು ಇವನಿಗೂ ಆಗುತ್ತಿರಲಿಲ್ಲ. ಆದರೆ ಗೇಟಿನ ಸಂಕೇತ ಮಾತ್ರ ಅವನಿಗೆ ಕರತಲಾಮಲಕ.

ಇನ್ಸ್‌ಪೆಕ್ಟರು ಬಂದ ದಿನಕ್ಕೆ ಬೇರೆ ವ್ಯವಸ್ಥೆಯಿತ್ತು. ಪ್ರಶ್ನೆ ಕೇಳಿದ ಕೂಡಲೇ ತರಗತಿಯಲ್ಲಿ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಇದು ಝೆನೋವಿಯಾಳ ಉಪಾಯವಲ್ಲ. ದೇಶಕ್ಕೆ ದೇಶವೇ ಹೀಗೆ ಮಾಡುತ್ತಿತ್ತು, ನಾನೂ ಮಾಡಿದ್ದೇನೆ. ಇನ್ಸ್‌ಪೆಕ್ಟರುಗಳೂ ಟೀಚರಾಗಿದ್ದಾಗ ಮಾಡಿದವರೇ. ಅವರು ಕೈಗಳ ಕಾಡನ್ನು ನೋಡಿ ತಲೆದೂಗಿ, ಎಲೆಕೋಸಿನ ಸುರುಳಿ ಊಟ ಮಾಡಿಕೊಂಡು ಹೋಗುತ್ತಿದ್ದರು.

ಒಮ್ಮೆ ನನಗೆ ರೇಗಿತು. ಗೋಡೆಯಾಚೆಯಿಂದ ಅದೇ ಸಾಲು ಅದೆಷ್ಟನೇ ಸಲವೋ ಬಂದು ಕಿವಿಗೆ ಬಡಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಹಿಡಿದು ಕೇಳಿಯೇಬಿಟ್ಟೆ.

"ಅಲ್ಲಾ ಮೇಡಂ, ಗಿಳಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಡ್ತೀರಲ್ಲ, ಬೇಜಾರಾಗಲ್ವಾ ನಿಮಗೆ? ಒಂದು ದಿನ ಆ ಮಕ್ಕಳನ್ನೇ ಕೇಳಿ ನೋಡಿ, ಏನಪ್ಪಾ ಅನಿಸ್ತು ನಿನಗೆ ಅಂತ."

ಆಕೆ ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಲೇ ಇದ್ದಳು. "ಕೇಳಿದ್ದೆ ಮೇಷ್ಟ್ರೇ. ಬಂದ ಮೊದಲ ವರ್ಷ. ಒಬ್ಬ ಹುಡುಗ ತನಗೆ ಅನಿಸಿದ್ದನ್ನೇ ಬರೆದ. ಚೆನ್ನಾಗೇ ಬರೆದಿದ್ದ. ಪರೀಕ್ಷೇಲಿ ನಾಲ್ಕು ಬಂತು, ಫೇಲು. ಸೈನ್ಯಕ್ಕೆ ಹಿಡ್ಕೊಂಡು ಹೋಗಿ ಎರಡು ವರ್ಷ ಕಾಲುವೆ ತೋಡಿಸಿದ್ರು. ಆಮೇಲಿಂದ ನಾನು ಕೇಳೋದು ಬಿಟ್ಟೆ."

"ಹಂಗಂತ ಅಭಿಪ್ರಾಯನೂ ನೀವೇ ಕೊಟ್ಟುಬಿಡೋದಾ?"

"ನನ್ನ ಅಭಿಪ್ರಾಯಕ್ಕೆ ಹತ್ತಕ್ಕೆ ಹತ್ತು ಬಿದ್ದಿದೆ. ನಿಮ್ಮ ಮಗಳಿಗೂ ಬಿತ್ತಲ್ಲ? ಆಗ ಬಾಯಿ ಮುಚ್ಕೊಂಡು ಹೂವು ಕೊಟ್ರಿ."

ಬಿದ್ದಿತ್ತು. ಕೊಟ್ಟಿದ್ದೆ.

ಆಕೆ ಒಂಟಿ. ಎಪ್ಪತ್ತೆಂಟರಲ್ಲಿ ಸರ್ಕಾರ ಉತ್ತರದ ಯಾವುದೋ ಹಳ್ಳಿಯಿಂದ ಎತ್ತಿ ತಂದು ನಮ್ಮಲ್ಲಿಗೆ ಹಾಕಿತ್ತು. ಮದುವೆಯಾಗಲಿಲ್ಲ. ಇದ್ದವನು ಒಬ್ಬ ತಮ್ಮ, ಕೋಸ್ತಿನ್. ಅವನು ಎಂಬತ್ತೊಂದರ ಬೇಸಿಗೆಯಲ್ಲಿ ಅಕ್ಕನ ಮನೆಗೆ ಬಂದು ಎರಡು ವಾರ ಮೀನು ಹಿಡಿದುಕೊಂಡಿದ್ದ, ನಾನೂ ನೋಡಿದ್ದೆ. ಆಮೇಲೆ ಕಾಣಲಿಲ್ಲ. ರೈಲಿಗೆ ಹೋದ ಎಂದಳು. ನಮ್ಮೂರು ಡ್ಯಾನ್ಯೂಬಿನ ದಂಡೆಯಲ್ಲಿದೆ, ಆಚೆ ದಡ ಯುಗೊಸ್ಲಾವಿಯಾ. ಆಗ ದೇಶ ಬಿಡಲು ಈಜುವವರು ಬಹಳ, ಗಡಿ ಕಾಯುವವರ ಗುಂಡೂ ಬಹಳ. ಯಾರ ಮನೆಯ ನೆಂಟ ಯಾವಾಗ ಹೋದ ಎಂದು ಕೆದಕಿ ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಹಳೆಯ ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಆಕೆಯೇ ಹೇಳಿದಳು: ತಮ್ಮ ಈಜಿ ಪಾರಾದ, ಈಗ ಆಸ್ಟ್ರಿಯಾದ ಲಿಂಜ್‌ನಲ್ಲಿದ್ದಾನೆ. ಅಲ್ಲಿಂದ ಮುಂದೆ ಪ್ರತಿ ಹೊಸ ವರ್ಷಕ್ಕೆ ನಾನು ಕೇಳುತ್ತಿದ್ದೆ, "ಲಿಂಜ್‌ನಲ್ಲಿ ಹೇಗಿದಾನೆ ತಮ್ಮ?" ಆಕೆ ಹೇಳುತ್ತಿದ್ದಳು, "ಚೆನ್ನಾಗಿದಾನೆ ಮೇಷ್ಟ್ರೇ." ನನ್ನ ಕರ್ತವ್ಯ ಮುಗಿಯುತ್ತಿತ್ತು.

ತೊಂಬತ್ತೆಂಟರ ಜೂನ್‌ವರೆಗೆ ಎಲ್ಲ ಸುಸೂತ್ರವಾಗಿತ್ತು. ಆ ವರ್ಷ ಹೊಸ ನಿಯಮ ಬಂತು. ಶಾಲೆ ಮುಗಿಸುವ ಪರೀಕ್ಷೆಯ ಪತ್ರಿಕೆಗಳನ್ನು ಅಲ್ಲಲ್ಲೇ ತಿದ್ದುವಂತಿಲ್ಲ, ಜಿಲ್ಲಾ ಕೇಂದ್ರದ ಪರೀಕ್ಷಾ ಮಂಡಳಿಗೆ ಕಳಿಸಬೇಕು. ಕಳಿಸಿದೆವು. ಹತ್ತು ದಿನಕ್ಕೆ ನಮ್ಮ ಹೆಡ್‌ಮಾಸ್ಟರ್ ಗ್ರೂಯಾ ಫೋನು ಕೆಳಗಿಟ್ಟು, ಮುಖ ಸುಣ್ಣದ ಗೋಡೆಯಂತೆ ಮಾಡಿಕೊಂಡು ಸ್ಟಾಫ್ ರೂಮಿಗೆ ಬಂದರು.

"ಝೆನೋವಿಯಾ ಮೇಡಂ, ನಿಮ್ಮ ಕ್ಲಾಸಿನ ಇಪ್ಪತ್ತಮೂರು ಜನರದ್ದೂ ನಕಲು ಅಂತಿದಾರೆ! ಇಪ್ಪತ್ತಮೂರು ಪತ್ರಿಕೆ, ಅಕ್ಷರಕ್ಕೆ ಅಕ್ಷರ ಒಂದೇ. ಎಲ್ಲಾ ರದ್ದು ಮಾಡ್ತಾರಂತೆ."

"ನಕಲಲ್ಲ ಸಾರ್. ಕಲಿತಿದಾರೆ."

"ಅದನ್ನ ಅವರಿಗೆ ಹೇಳಿ ನೋಡೋಣ! ಸ್ವಂತ ಅಭಿಪ್ರಾಯನೂ ಒಂದೇ ಅಂತೆ ಕಣ್ರೀ, ಎಲ್ಲರದ್ದರಲ್ಲೂ ಒಬ್ಬ ತಮ್ಮ ಊಟಕ್ಕೆ ಬರಲ್ವಂತೆ. ಫೋನಲ್ಲಿ ಆ ಮಂಡಳಿಯ ಯಮ್ಮ ಏನಂದ್ರು ಗೊತ್ತಾ? ನಿಮ್ಮೂರಲ್ಲಿ ಒಂದೇ ದಿನ ಇಪ್ಪತ್ತಮೂರು ಜನ ತಮ್ಮಂದಿರು ಊಟಕ್ಕೆ ಬರಲಿಲ್ವಾ ಅಂದ್ರು."

ಪರೀಕ್ಷೆ ರದ್ದಾದರೆ ಆ ವರ್ಷ ಕಾಲೇಜಿಲ್ಲ. ಹುಡುಗರಿಗೆ ಶರತ್ಕಾಲದಲ್ಲಿ ಸೈನ್ಯದ ಕರೆ. ಹುಡುಗಿಯರಲ್ಲಿ ನಾಲ್ಕು ಜನ ಆಗಲೇ ವೈದ್ಯಕೀಯಕ್ಕೆ ಅರ್ಜಿ ಹಾಕಿದ್ದರು. ಝೆನೋವಿಯಾ ಕೋಟು ಹಾಕಿಕೊಂಡು ಅಂಚೆ ಕಚೇರಿಗೆ ಹೋಗಿ ತಂತಿ ಕೊಟ್ಟಳು: ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಕೂಡಿಸಿ, ಮತ್ತೆ ಬರೆಸಿ, ಅದೇ ಬರೆಯುತ್ತಾರೆ. ಮಂಡಳಿ ಒಪ್ಪಿತು. ಜುಲೈ ಎಂಟನೇ ತಾರೀಕು ಬನ್ನಿ ಎಂದಿತು.

ಒಂದೇ ತೊಡಕು. ಮಕ್ಕಳು ಮರೆತಿದ್ದರು. ಪರೀಕ್ಷೆ ಮುಗಿದ ಮಧ್ಯಾಹ್ನವೇ ಡ್ಯಾನ್ಯೂಬಿಗೆ ಹಾರಿ, ತಲೆಯಲ್ಲಿದ್ದದ್ದನ್ನೆಲ್ಲ ತೊಳೆದುಕೊಂಡು ಎದ್ದಿದ್ದರು. ಒಬ್ಬ ಹುಡುಗನಿಗಂತೂ ಪದ್ಯದಲ್ಲಿದ್ದದ್ದು ಗೇಟೋ ಕಿಟಕಿಯೋ ಎಂಬುದೇ ಅನುಮಾನ.

ನಾಲ್ಕು ದಿನ ಆಕೆ ಅವರನ್ನು ಶಾಲೆಯ ಅಂಗಳದಲ್ಲಿ ವಾಲ್‌ನಟ್ ಮರದ ಕೆಳಗೆ ಅಡ್ಡಾಡಿಸಿ ಬಾಯಿಪಾಠ ಮಾಡಿಸಿದಳು. ಬಿಸಿಲಿಗೆ ಮೂಗು ಸುಲಿದ ಹದಿನೆಂಟರ ಮಕ್ಕಳು ಕಣ್ಣು ಮುಚ್ಚಿಕೊಂಡು, ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತಾ, ಮಾನವ ಹೃದಯದ ಬಗ್ಗೆ ಗೊಣಗುತ್ತಿದ್ದರು. ತಾವು ಉರು ಹೊಡೆದದ್ದು ನಿಜ ಎಂದು ತೋರಿಸಲು ಮತ್ತೆ ಉರು ಹೊಡೆಯಬೇಕಾಗಿ ಬಂದ ತರಗತಿ ದೇಶದಲ್ಲಿ ಇನ್ನೊಂದಿರಲಾರದು. ನಾನು ಬೆಂಚಿನ ಮೇಲೆ ಕೂತು ತಪ್ಪುಗಳನ್ನು ಗುರುತು ಹಾಕಿದೆ. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ವ್ಯಾಖ್ಯಾನ ಬರುತ್ತದೆ. ಇಪ್ಪತ್ತು ವರ್ಷ ಗೋಡೆಯಾಚೆ ಕೂತಿದ್ದೆನಲ್ಲ.

ಎಂಟನೇ ತಾರೀಕು ಎಲ್ಲರೂ ಬಸ್ಸಿನಲ್ಲಿ ಹೋದೆವು. ಮಂಡಳಿಯ ಮುಖ್ಯಸ್ಥೆ ಕ್ಲೇಲಿಯಾ ಬುಂಜಾ ಎಂಬ ಮೂವತ್ತೈದರ ಹೆಂಗಸು. ಇಂಗ್ಲೆಂಡಿನಲ್ಲಿ ಆರು ತಿಂಗಳು ತರಬೇತಿ ಪಡೆದು ಬಂದವಳು. ಸಾಹಿತ್ಯ ಕಲಿಸಬೇಕಾದರೆ ಬೆಂಚುಗಳನ್ನು ದುಂಡಗೆ ಜೋಡಿಸಬೇಕು, ಟೀಚರು ಬಾಯಿ ಮುಚ್ಚಿ ಮಕ್ಕಳು ಬಾಯಿ ತೆರೆಯಬೇಕು ಎಂಬುದು ಅವಳ ಮತ. ಗೋಡೆಯ ತುಂಬ ಬಣ್ಣಬಣ್ಣದ ಕಾಗದ ಅಂಟಿಸಿದ್ದಳು. ನಾನು ಬಯ್ಯಲು ಸಿದ್ಧನಾಗಿಯೇ ಹೋಗಿದ್ದೆ, ಆದರೆ ಹೆಂಗಸು ಸಭ್ಯಳು. ನಮಗೆಲ್ಲ ನೀರು ತರಿಸಿದಳು.

ಇಪ್ಪತ್ತಮೂರು ಜನರೂ ಬೇರೆ ಬೇರೆ ಕೂತು ಬರೆದರು. ಇಪ್ಪತ್ತಮೂರೂ ಒಂದೇ. ಕ್ಲೇಲಿಯಾ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಹಣೆ ಒತ್ತಿಕೊಂಡು, ಮುಂದಿನ ಸಾಲಿನ ಸ್ಮರಾಂದಾ ಎಂಬ ಹುಡುಗಿಯನ್ನು ಕರೆದಳು. ವೈದ್ಯಕೀಯಕ್ಕೆ ಅರ್ಜಿ ಹಾಕಿದವಳು. ಭಯಕ್ಕೆ ಅವಳ ತುಟಿ ಒಣಗಿತ್ತು.

"ಹೆದರ್ಕೋಬೇಡ ಕಣಮ್ಮ. ನಿನಗೆ ತಮ್ಮ ಇದಾನಾ?"

"ಇಲ್ಲ ಮೇಡಂ. ನಾನೊಬ್ಬಳೇ ಮಗಳು."

"ಮತ್ತೆ ಇಲ್ಲಿ ಊಟಕ್ಕೆ ಬರದೇ ಇದ್ದೋನು ಯಾರು?"

"ಹನ್ನೊಂದನೇ ಪುಟದೋನು ಮೇಡಂ."

ಕ್ಲೇಲಿಯಾ ಮಕ್ಕಳನ್ನೆಲ್ಲ ಹೊರಗೆ ಕಳಿಸಿ ನಮ್ಮ ಕಡೆ ತಿರುಗಿದಳು.

"ಒಬ್ಬರಿಂದೊಬ್ಬರು ನಕಲು ಮಾಡಿಲ್ಲ, ಒಪ್ಕೋತೀನಿ. ಆದ್ರೆ ಇದು ಎಲ್ಲಿಂದ ಬಂತು ಅಂತ ನಾನು ಫೈಲಿಗೆ ಬರೀಬೇಕು. ಅಂಗಡೀಲಿ ಮಾರೋ ಗೈಡಿಂದ ಬಂದಿದ್ರೆ, ಅದು ಹೊರಗಿನ ಸಾಮಗ್ರಿ, ಪರೀಕ್ಷೆ ರದ್ದೇ. ಕ್ಲಾಸಲ್ಲಿ ಟೀಚರು ತಾವೇ ಬರೆದು ಕಲಿಸಿದ್ದು ಅಂತಾದ್ರೆ ಅದು ಪಾಠ. ಮೊದಲ ಹತ್ತು ಪುಟ ಟೀಚರು ಬರೆಯೋ ಥರಾನೇ ಇದೆ, ಅನುಮಾನ ಇಲ್ಲ. ಈ ಕೊನೇ ಪುಟ ಹಾಗಿಲ್ಲ. ಇದನ್ನ ಯಾರೋ ಬರೆಯೋಕೆ ಬರೋರು ಬರೆದಿದಾರೆ. ಯಾವ ಪುಸ್ತಕದ್ದು ಇದು?"

"ಪುಸ್ತಕದ್ದಲ್ಲ," ಎಂದಳು ಝೆನೋವಿಯಾ.

"ಹಾಗಾದ್ರೆ?"

ಗ್ರೂಯಾ ಮೇಜಿನ ಕೆಳಗೆ ನನ್ನ ಕಾಲು ತುಳಿದರು, ಏನಾದರೂ ಹೇಳು ಎಂದು.

ಕ್ಲೇಲಿಯಾ ಒಂದು ಹಾಳೆ ಎತ್ತಿಕೊಂಡು ಮೆಲ್ಲಗೆ ರೊಮೇನಿಯನ್ನಿಗೆ ತಿರುಗಿಸುತ್ತಾ ಓದತೊಡಗಿದಳು. "'ನನ್ನ ಸ್ವಂತ ಅಭಿಪ್ರಾಯದಲ್ಲಿ ಇದು ಕಾಯುವವರ ಪದ್ಯ. ಇದನ್ನು ಓದಿದಾಗ ನನಗೊಂದು ಆಗಸ್ಟ್ ನೆನಪಾಗುತ್ತದೆ. ನನ್ನ ತಮ್ಮ ಊಟಕ್ಕೆ ಬರಲಿಲ್ಲ. ಅಮ್ಮ ಅವನ ಪಾಲಿನ ಮೀನು, ಮೆಕ್ಕೆಜೋಳದ ಮುದ್ದೆಯನ್ನು ತಟ್ಟೆಯಲ್ಲಿಟ್ಟು ಇನ್ನೊಂದು ತಟ್ಟೆ ಮುಚ್ಚಿದಳು. ಮೂರು ದಿನ ಅದನ್ನು ಯಾರೂ ಎತ್ತಲಿಲ್ಲ. ನಾಲ್ಕನೆಯ ದಿನ ಅಮ್ಮ ತಟ್ಟೆ ತೊಳೆದಳು, ಆದರೆ ಎತ್ತಿಡಲಿಲ್ಲ...'"

"ಅಮ್ಮ ಅಲ್ಲ," ಎಂದಳು ಝೆನೋವಿಯಾ. "ನಾನು."

ಕ್ಲೇಲಿಯಾ ಓದುವುದನ್ನು ನಿಲ್ಲಿಸಿದಳು.

"ಆಗ ಅಮ್ಮ ಅಂತ ಬರೆದೆ. ಯಾರ ಕಥೆ ಅಂತ ಗೊತ್ತಾಗಿಬಿಟ್ರೆ ಅಂತ ಹೆದರಿಕೆ. ಅವನು ನನ್ನ ಮನೆಯಿಂದಲೇ ಹೊರಟಿದ್ದು. ಈಜೋದು ಬೇಡ ಅಂತ ನಾನು ಹೇಳ್ಲಿಲ್ಲ. ಊಟ ಮಾಡ್ಕೊಂಡು ಹೋಗು ಅಂದೆ. ಬಂದು ಮಾಡ್ತೀನಿ ಅಂದ, ತಮಾಷೆಗೆ." ಆಕೆಯ ದನಿ ಹೇಳಿ ಬರೆಸುವಾಗ ಇರುವಂತೆಯೇ ಇತ್ತು, ಒಂದೇ ಸಮ. "ಹನ್ನೆರಡು ದಿನ ಆದ್ಮೇಲೆ ನದಿ ಕೆಳಗಿನ ಊರಲ್ಲಿ, ನೀರಲ್ಲಿ ಸಿಕ್ಕಿದ. ಯಾರೂ ಬಂದು ಗುರುತು ಹೇಳ್ಲಿಲ್ಲ. ನಾನೂ ಹೋಗ್ಲಿಲ್ಲ. ಹೋಗಿದ್ರೆ ಕೆಲಸ ಹೋಗೋದು, ಜೈಲು ಬೇರೆ. ಸೆಪ್ಟೆಂಬರಲ್ಲಿ ಸ್ಕೂಲು ಶುರುವಾಯ್ತು. ಸ್ವಂತ ಅಭಿಪ್ರಾಯ ಅಂತ ಒಂದು ಪುಟ ಬರೀಬೇಕಿತ್ತು. ನನ್ನ ಹತ್ರ ಬೇರೆ ಅಭಿಪ್ರಾಯ ಇರ್ಲಿಲ್ಲ."

ಕ್ಲೇಲಿಯಾ ಹಾಳೆಯನ್ನು ಮೇಜಿನ ಮೇಲಿಟ್ಟಳು. ನೋಡಬಾರದ್ದನ್ನು ನೋಡಿದವರ ಹಾಗೆ ತಲೆ ತಗ್ಗಿಸಿಕೊಂಡೇ ಹೇಳಿದಳು. "ಮೇಡಂ, ಇದನ್ನ ಲಿಖಿತವಾಗಿ ಕೊಡಬೇಕಾಗತ್ತೆ. ಫೈಲಿಗೆ ಹೋಗತ್ತೆ, ಯಾರು ಬೇಕಾದ್ರೂ ಓದಬಹುದು. ಕೊಡದೇ ಇದ್ರೆ..."

"ಕೊಡ್ತೀನಿ. ಮಕ್ಕಳು ಹೊರಗಡೆ ಬಿಸಿಲಲ್ಲಿ ನಿಂತಿದಾವೆ."

ಆಕೆ ಬರೆದಳು. ತಮ್ಮನ ಪೂರ್ತಿ ಹೆಸರು, ಹುಟ್ಟಿದ ದಿನ, ಹೊರಟ ದಿನ. ಅಲ್ಪವಿರಾಮಗಳೆಲ್ಲ ಸರಿಯಾಗಿದ್ದವು. ಸಂಜೆಯ ಹೊತ್ತಿಗೆ ಇಪ್ಪತ್ತಮೂರು ಮಕ್ಕಳೂ ಪಾಸಾದರು. ಜೊತೆಗೆ ಇನ್ನು ಮುಂದೆ ಅಭಿಪ್ರಾಯದ ಪುಟವನ್ನು ತರಗತಿಯಲ್ಲಿ ಹೇಳಿ ಬರೆಸಬಾರದು ಎಂದು ಮಂಡಳಿಯ ಎಚ್ಚರಿಕೆ ಪತ್ರವೂ ಬಂತು. ಅದಕ್ಕೂ ಆಕೆ ಸಹಿ ಹಾಕಿದಳು.

ವಾಪಸು ಬರುವಾಗ ಮಕ್ಕಳು ಬಸ್ಸಿನ ಹಿಂದೆ ಕುಣಿಯುತ್ತಿದ್ದರು. ಆಕೆ ಕಿಟಕಿಯ ಪಕ್ಕ, ನಾನು ಆಕೆಯ ಪಕ್ಕ.

"ಮೇಷ್ಟ್ರೇ, ಲಿಂಜ್‌ನಿಂದ ಕಾಗದ ಬರ್ತಿರಲಿಲ್ಲ."

"ಗೊತ್ತಾಯ್ತು ಬಿಡಿ ಮೇಡಂ."

"ನೀವು ಪ್ರತಿ ವರ್ಷ ಕೇಳ್ತಿದ್ರಲ್ಲ, ಖುಷಿಯಾಗೋದು. ಇದಾನೆ ಅನ್ನೋ ಹಾಗೆ."

ಮುಚ್ಚಿಡುವುದೇಕೆ, ಅತ್ತೆ. ನನ್ನ ಮಗಳು ಒಂದಿಡೀ ಚಳಿಗಾಲ ನಮ್ಮ ಅಡುಗೆಮನೆಯಲ್ಲಿ ಕೂತು ಆ ಹನ್ನೊಂದನೆಯ ಪುಟವನ್ನು ಉರು ಹೊಡೆದಿದ್ದಳು. ಅವಳು ಅರ್ಥ ಹೇಳುತ್ತಾ ಹೋಗುತ್ತಿದ್ದಳು, ನಾನು ಗಡಿಯಾರ ಹಿಡಿದು ಕೂತಿದ್ದೆ: "ಇನ್ನೂ ಬೇಗ ಹೇಳು, ಪರೀಕ್ಷೇಲಿ ಟೈಮು ಸಾಲಲ್ಲ." ಆ ತಮ್ಮನ ಜೊತೆ ನಾನೇ ದಂಡೆಯಲ್ಲಿ ಕೂತು ಸಿಗರೇಟು ಸೇದಿದ್ದೆ. ಆಗಸ್ಟ್, ಮೀನು, ತಮ್ಮ, ಎಲ್ಲ ಕಿವಿಗೆ ಬಿದ್ದಿತ್ತು. ಅದು ಇಂಗ್ಲಿಷ್ ಸಾಹಿತ್ಯ ಎಂದುಕೊಂಡು ಬಿಟ್ಟಿದ್ದೆ. ಥೂ ನನ್ನ ಜನ್ಮಕ್ಕಿಷ್ಟು.

ಸೆಪ್ಟೆಂಬರಿನಲ್ಲಿ ಹೊಸ ಬ್ಯಾಚು. ಆಕೆ ಬದಲಾಗಿರಬಹುದು, ಬೆಂಚು ದುಂಡಗಾಗಿರಬಹುದು ಎಂದು ನೀವು ಎಣಿಸಿದ್ದರೆ ನಿಮಗೆ ಝೆನೋವಿಯಾ ಗೊತ್ತಿಲ್ಲ. ಮತ್ತದೇ ಗೇಟು, ಅದೇ ಅಲ್ಪವಿರಾಮ. ಮೂರು ವಾರದಲ್ಲಿ ಹತ್ತು ಪುಟ ಮುಗಿಯಿತು. ಹತ್ತನೆಯ ಪುಟದ ಕೊನೆಯ ಚುಕ್ಕೆಯ ನಂತರ ಗೋಡೆಯಾಚೆ ಸದ್ದಡಗಿತು. ನಾನು ಪಾಠ ನಿಲ್ಲಿಸಿದೆ.

ಒಬ್ಬ ಹುಡುಗ ಕೇಳಿದ, "ಮುಂದೆ, ಮೇಡಂ?"

"ಮುಂದೆ ನಿಮ್ಮ ಸ್ವಂತ ಅಭಿಪ್ರಾಯ. ಬರೀರಿ."

ಪೆನ್ನು ಅಲುಗಾಡಿದ ಸದ್ದಿಲ್ಲ. ಬರೆಯಲು ಅವರಿಗೆ ಯಾರು ಕಲಿಸಿದ್ದರು? ಎಲ್ಲರ ಮನೆಯಲ್ಲೂ ಅಕ್ಕನದೋ ಅಣ್ಣನದೋ ಹಳೆಯ ನೋಟ್‌ಬುಕ್ಕು ಇತ್ತು, ಹನ್ನೊಂದನೆಯ ಪುಟ ಎಲ್ಲರಿಗೂ ಗೊತ್ತಿತ್ತು. ಇನ್ನು ಅದನ್ನು ಬರೆಯುವಂತಿಲ್ಲ ಎಂಬುದೂ ಗೊತ್ತಿತ್ತು. ಫೈಲಿನ ಸುದ್ದಿ ಊರಿಗೆ ತಲುಪಿತ್ತಾದ್ದರಿಂದ ಆ ತಮ್ಮ ಯಾರ ತಮ್ಮ ಎಂಬುದೂ ಗೊತ್ತಿತ್ತು. ಬೆಂಚು ಕಿರುಗುಟ್ಟಿತು, ಯಾರೋ ಕೆಮ್ಮಿದರು. ಆಮೇಲೆ ಹಿಂದಿನ ಬೆಂಚಿನ ಒಂದು ಹುಡುಗಿಯ ದನಿ ಬಂತು. ಇಪ್ಪತ್ತು ವರ್ಷದಲ್ಲಿ ಆ ಕೋಣೆಯಿಂದ ಮಗುವೊಂದು ಪಾಠದ ಬಗ್ಗೆ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿಸಿಕೊಂಡದ್ದು ಅದೇ ಮೊದಲು.

"ಮೇಡಂ, ಅವರಿಗೆ ಮೀನು ಅಂದ್ರೆ ಇಷ್ಟಾನಾ?"

ಗೋಡೆಯಾಚೆ ಕುರ್ಚಿ ಎಳೆದ ಸದ್ದಾಯಿತು. ಪಾಠದ ಹೊತ್ತಿನಲ್ಲಿ ಝೆನೋವಿಯಾ ಕೂರುವವಳಲ್ಲ.

"ತುಂಬಾ ಇಷ್ಟ ಕಣೇ ಪುಟ್ಟಿ," ಎಂದಳು. "ಮುಳ್ಳು ತೆಗೆಯೋಕೆ ಮಾತ್ರ ಬರ್ತಿರಲಿಲ್ಲ. ಅಷ್ಟು ದೊಡ್ಡವನಾದ್ರೂ ನಾನೇ ತೆಗೆದು ಕೊಡ್ಬೇಕಿತ್ತು."

ಆಮೇಲೆ ಆಕೆ ಹೇಳುತ್ತಾ ಹೋದಳು, ಅಲ್ಪವಿರಾಮಗಳಿಲ್ಲದೆ. ಯಾರೂ ಬರೆದುಕೊಳ್ಳಲಿಲ್ಲ. ನಾನು ನನ್ನ ಮಕ್ಕಳಿಗೆ ಅಟ್ಲಾಸ್ ಮುಚ್ಚಿ ಸುಮ್ಮನೆ ಕೂರಲು ಹೇಳಿದೆ.